ಅಳಿಯನ ಮೊದಲ ದಸರಾ ಕುಸ್ತಿ: ಕರೆದೊಯ್ಯುವ ಸೋದರಮಾವನಿಗೆ 13 ಸೂತ್ರಗಳು

ದಸರಾ ರಜೆ ಬಂತೆಂದರೆ ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ ಸೀಮೆಯ ಮನೆಗಳಿಗೆ ಅಕ್ಕನ ಮಕ್ಕಳು, ತಂಗಿಯ ಮಕ್ಕಳು ಬಂದಿಳಿಯುತ್ತಾರೆ. ಅವರನ್ನು ಮೈಸೂರಿಗೆ ಕರೆದೊಯ್ಯುವ ಹೊಣೆ ಸೋದರಮಾವನದು. ಅರಮನೆಯ ದೀಪ, ಜಂಬೂಸವಾರಿ, ವಸ್ತುಪ್ರದರ್ಶನದ ತೊಟ್ಟಿಲು ಎಲ್ಲರೂ ತೋರಿಸುತ್ತಾರೆ. ಕುಸ್ತಿ ಅಖಾಡದ ಮೆಟ್ಟಿಲ ಮೇಲೆ ಕೂರಿಸುವ ಮಾವಂದಿರು ಮಾತ್ರ ಕಡಿಮೆಯಾಗುತ್ತಿದ್ದಾರೆ. ನಮ್ಮ ಕಡೆಯ ಗರಡಿಗಳಿಗೆ ಇನ್ನೂ ಜೀವವಿದೆ. ಆದರೆ ಕುಸ್ತಿ ನೋಡಲು ಬಲ್ಲ ಕಣ್ಣು ಮುಂದಿನ ತಲೆಮಾರಿಗೆ ದಾಟದಿದ್ದರೆ ಆ ಜೀವ ಉಳಿಯುವುದು ಕಷ್ಟ. ಮೊದಲ ಸಲ ಬೇಸರವಾಯಿತೋ, ಎರಡನೇ ಸಲಕ್ಕೆ ಹುಡುಗ ಬರುವುದಿಲ್ಲ. ಹಾಗಾಗಿ ಆ ಒಂದು ಮಧ್ಯಾಹ್ನವನ್ನು ಜೋಪಾನವಾಗಿ ಕಟ್ಟಬೇಕು.

1. ಚಿಕ್ಕ ಹುಡುಗರ ಜೋಡಿಗಳು ಶುರುವಾಗುವ ಮುಂಚೆಯೇ ಹೋಗಿ ಕೂತಿರಿ.

ಈ ಪಟ್ಟಿಯಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ನಾಡಕುಸ್ತಿಯ ದಿನ ಸಾಮಾನ್ಯವಾಗಿ ಮೊದಲು ಮಣ್ಣಿಗಿಳಿಯುವವರು ಎಳೆಯ ಹುಡುಗರು. ಆಮೇಲೆ ಪ್ರಾಯದವರು, ಕೊನೆಗೆ ಹೆಸರಾಂತ ಪೈಲ್ವಾನರು. ಬಲ್ಲವರು ಅನ್ನಿಸಿಕೊಂಡವರು ತಡವಾಗಿ ಬರುತ್ತಾರೆ, ಕೊನೆಯ ದೊಡ್ಡ ಜೋಡಿಗಳ ಕುಸ್ತಿಯೇ ಅಸಲಿ ಎನ್ನುತ್ತಾರೆ. ಅವರ ಮಟ್ಟಿಗೆ ಅದು ಸರಿ. ಹತ್ತು ವರ್ಷದ ಹುಡುಗನಿಗೆ ಹಾಗಲ್ಲ. ನೂರು ಕಿಲೋ ತೂಗುವ ಇಬ್ಬರು ಕತ್ತಿಗೆ ಕತ್ತು ಕೊಟ್ಟು ಅಲ್ಲಾಡದೆ ನಿಂತಾಗ ಅವನಿಗೆ ಕಾಣುವುದು ಇಬ್ಬರು ದೊಡ್ಡ ಮನುಷ್ಯರು ಸುಮ್ಮನೆ ನಿಂತಿರುವುದು. ಅದೇ ತನ್ನ ವಯಸ್ಸಿನ ಹುಡುಗ ಲಂಗೋಟಿ ಬಿಗಿದು, ತೊಡೆ ತಟ್ಟಿ, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದರೆ ಇವನು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾನೆ. 'ಮಾವ, ಅವ್ನು ಎಷ್ಟನೇ ಕ್ಲಾಸು?' ಎಂದು ಕೇಳುತ್ತಾನೆ. ಆ ಪ್ರಶ್ನೆ ಬಂತೆಂದರೆ ನಿಮ್ಮ ಕೆಲಸ ಅರ್ಧ ಮುಗಿಯಿತು.

2. ದಿನ ಆರಿಸುವಾಗ ಅಂತಿಮ ದಿನವನ್ನು ಬಿಡಿ.

ಮೈಸೂರು ದಸರಾ ಕುಸ್ತಿ ಒಂದೇ ದಿನದ್ದಲ್ಲ, ನವರಾತ್ರಿಯ ಹಲವು ದಿನ ನಡೆಯುತ್ತದೆ. ಜಾಗ ಡಿ. ದೇವರಾಜ ಅರಸು ವಿವಿಧೋದ್ದೇಶ ಕ್ರೀಡಾಂಗಣ, ವಸ್ತುಪ್ರದರ್ಶನದ ಪಕ್ಕ. ಯಾರನ್ನಾದರೂ ದಾರಿ ಕೇಳುವುದಾದರೆ 'ದೊಡ್ಡಕೆರೆ ಮೈದಾನದ ಕುಸ್ತಿ' ಎಂದರೆ ಸಾಕು. ದಸರಾ ಕಂಠೀರವ, ದಸರಾ ಕೇಸರಿ, ದಸರಾ ಕುಮಾರ, ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ, ಇವೇ ಪ್ರತಿಷ್ಠೆಯ ಪಟ್ಟಗಳು. ಪಟ್ಟ ತೀರ್ಮಾನವಾಗುವ ದಿನ ಜನ ಕಿಕ್ಕಿರಿದಿರುತ್ತಾರೆ, ಸಣ್ಣವನಿಗೆ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಆ ವರ್ಷದ ಕಾರ್ಯಕ್ರಮ ಪಟ್ಟಿ ನೋಡಿಕೊಂಡು, ಮೊದಲ ದಿನಗಳಲ್ಲಿ ನಾಡಕುಸ್ತಿ ಇರುವ ಒಂದು ಮಧ್ಯಾಹ್ನ ಗೊತ್ತು ಮಾಡಿ. ಮೈಸೂರು ದೂರವಾಯಿತು ಎನ್ನುವವರಿಗೆ ಶ್ರೀರಂಗಪಟ್ಟಣ ದಸರಾದ ಕುಸ್ತಿಯೂ ಇದೆ. ಅಲ್ಲಿ ಜನ ಕಡಿಮೆ, ಅಖಾಡ ಹತ್ತಿರ. ಎಂಟು ವರ್ಷದೊಳಗಿನ ಮಗುವಿಗೆ ನಾನಂತೂ ಅದನ್ನೇ ಮೊದಲು ಹೇಳುತ್ತೇನೆ.

3. ಬಸ್ಸಿನಲ್ಲೇ ಕತೆ ಶುರುಮಾಡಿ.

ನಾಗಮಂಗಲದಿಂದ ಮೈಸೂರಿಗೆ ಜಕ್ಕನಹಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣದ ಮೇಲೆ ಹೋಗುವ ದಾರಿಯೇ ಕುಸ್ತಿಯ ಪಾಠ. ಮೊಬೈಲ್ ಕೈಗೆ ಕೊಟ್ಟು ಸುಮ್ಮನಾಗಿಸಿದರೆ ಆ ಪಾಠ ಹೋಯಿತು.

ಪಾಂಡವಪುರ ದಾಟಿ ಕಿರಂಗೂರು ಬಂದಾಗ ಹೇಳಿ: ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವುದು ಇಲ್ಲಿನ ಬನ್ನಿಮಂಟಪದಿಂದ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದರು. ಮೈಸೂರಿನ ವೈಭವ ಆಮೇಲಿನದು, ಒಡೆಯರ ಮೊದಲ ದಸರಾ ನಮ್ಮ ಮಂಡ್ಯ ಜಿಲ್ಲೆಯದು. ಹುಡುಗನಿಗೆ ಈ ಒಂದು ಮಾತು ಕೊಡುವ ಹೆಮ್ಮೆ ದೊಡ್ಡದು.

ಕಾವೇರಿ ಸೇತುವೆಯ ಹೊತ್ತಿಗೆ ರಣಧೀರ ಕಂಠೀರವನ ಕತೆಗೆ ಬನ್ನಿ. ಕಂಠೀರವ ನರಸರಾಜ ಒಡೆಯರು 1638ರಿಂದ 1659ರವರೆಗೆ ಶ್ರೀರಂಗಪಟ್ಟಣದಿಂದ ಆಳಿದವರು. ತಿರುಚಿರಾಪಳ್ಳಿಯಲ್ಲಿ ಒಬ್ಬ ಜಟ್ಟಿ ತನ್ನನ್ನು ಗೆಲ್ಲುವವರೇ ಇಲ್ಲವೆಂದು ಮೆರೆಯುತ್ತಿದ್ದ, ತನ್ನ ಚಲ್ಲಣವನ್ನು ಊರ ಬಾಗಿಲಿಗೆ ಕಟ್ಟಿ ಎಲ್ಲರೂ ಅದರಡಿ ನುಸುಳಿ ಬರುವಂತೆ ಮಾಡಿದ್ದ, ಕಂಠೀರವರು ವೇಷ ಮರೆಸಿಕೊಂಡು ಹೋಗಿ ಅವನನ್ನು ಕೆಡವಿದರು ಎಂಬುದು ಐತಿಹ್ಯ. ಈಗಿನ 'ದಸರಾ ಕಂಠೀರವ' ಪಟ್ಟ ಕೇಳಿದಾಗ ಹುಡುಗನಿಗೆ ಈ ಕತೆ ತಾನಾಗಿ ನೆನಪಾಗಬೇಕು.

ಇನ್ನೂ ಸಮಯ ಉಳಿದರೆ ಹಂಪಿಯ ಕತೆಗೆ ಹೋಗಿ. 1520ರ ಸುಮಾರಿನಲ್ಲಿ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಮಹಾನವಮಿಯ ಮಲ್ಲಕಾಳಗದ ಬಗ್ಗೆ ಬರೆದಿದ್ದಾನೆ. ಕೃಷ್ಣದೇವರಾಯ ಬೆಳಕು ಹರಿಯುವ ಮುಂಚೆ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಕತ್ತಿ ಬೀಸಿ, ಆ ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ತನ್ನ ಮಲ್ಲನೊಬ್ಬನ ಜೊತೆ ಕುಸ್ತಿ ಹಿಡಿಯುತ್ತಿದ್ದನಂತೆ. ಚಕ್ರವರ್ತಿ ಎಣ್ಣೆ ಕುಡಿಯುತ್ತಿದ್ದ ಎಂಬುದನ್ನು ಯಾವ ಹುಡುಗನೂ ಮರೆಯುವುದಿಲ್ಲ.

4. ಕಾರಿಗಿಂತ ಬಸ್ಸು ವಾಸಿ. ದಸರಾ ದಿನಗಳಲ್ಲಿ ಮೈಸೂರಿನ ಹಲವು ರಸ್ತೆ ಏಕಮುಖವಾಗುತ್ತವೆ, ಗಾಡಿ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಚಿಕ್ಕ ಜೋಡಿಗಳು ಮುಗಿದಿರುತ್ತವೆ. ಗ್ರಾಮಾಂತರ ಬಸ್ ನಿಲ್ದಾಣದಿಂದ ಅಖಾಡಕ್ಕೆ ನಡೆದೇ ಹೋಗಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಅತ್ತೆಯೂ ಸೊಸೆಯೂ ಜೊತೆಗೆ ಹೊರಟರೆ ಅವರಿಗೆ ಟಿಕೆಟ್ ದುಡ್ಡಿಲ್ಲ. ನಾಗಮಂಗಲಕ್ಕೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಇಳಿದ ಕೂಡಲೇ ಕೇಳಿಕೊಳ್ಳಿ.

5. ಹುಡುಗನ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ. ತಪ್ಪಿಸಿಕೊಂಡರೆ ಎಲ್ಲಿ ನಿಲ್ಲಬೇಕು ಎಂದು ಒಳಗೆ ಹೋಗುವಾಗಲೇ ಒಂದು ಜಾಗ ತೋರಿಸಿ.

6. ಮಧ್ಯದ ಮೆಟ್ಟಿಲಲ್ಲಿ ಕೂರಿ, ಧ್ವನಿವರ್ಧಕದಿಂದ ದೂರ.

ತೀರ ಮುಂದೆ ಕೂತರೆ ಅಖಾಡದ ಸುತ್ತ ನಿಂತ ತೀರ್ಪುಗಾರರು, ಉಸ್ತಾದರು, ಸರದಿಗೆ ಕಾಯುವ ಪೈಲ್ವಾನರು ಅಡ್ಡ ಬರುತ್ತಾರೆ. ಸ್ವಲ್ಪ ಮೇಲೆ ಕೂತರೆ ಮಣ್ಣು ಪೂರ್ತಿ ಕಾಣುತ್ತದೆ. ತಮಟೆ, ನಗಾರಿ, ಘೋಷಣೆ, ಸಿಳ್ಳೆ ಎಲ್ಲ ಸೇರಿದಾಗ ಗಟ್ಟಿ ಮಕ್ಕಳೂ ಮೊದಲ ಐದು ನಿಮಿಷ ಬೆದರುತ್ತಾರೆ. ಆಗ 'ಹೆದರ್ಕೋಬೇಡ ಕಣಪ್ಪ' ಎನ್ನುವುದಕ್ಕಿಂತ ಹೆಗಲ ಮೇಲೆ ಕೈ ಹಾಕಿ ಕೂರುವುದು ಮೇಲು. ಪಕ್ಕದಲ್ಲಿ ಯಾರಾದರೂ ದುಡ್ಡು ಕಟ್ಟುತ್ತ ಬಾಜಿಯ ಮಾತಾಡಿದರೆ, ಅಥವಾ ಕುಡಿದು ಕೂಗಿದರೆ, ವಾದಕ್ಕೆ ಇಳಿಯದೆ ಜಾಗ ಬದಲಿಸಿ. ಕುಸ್ತಿ ಎಂದರೆ ಇದು ಎಂದು ಹುಡುಗ ತಿಳಿಯಬಾರದು.

7. ನಿಯಮವನ್ನು ಒಂದೇ ಮಾತಿನಲ್ಲಿ ಹೇಳಿ: ಬೆನ್ನು ನೆಲಕ್ಕೆ ಹತ್ತಿ, ಎರಡು ಹೆಗಲೂ ಮಣ್ಣು ಮುಟ್ಟಿದರೆ ಚಿತ್.

ನಾಡಕುಸ್ತಿಗೆ ಅಷ್ಟು ಸಾಕು. ಅಲ್ಲಿ ಅಂಕ ಎಣಿಸುವುದಿಲ್ಲ. ಬೋರಲು ಬಿದ್ದವನು ಸೋತಿಲ್ಲ, ಮಂಡಿಯೂರಿದವನು ಸೋತಿಲ್ಲ, ಆಕಾಶ ನೋಡಿದವನು ಸೋತ. ನಿಗದಿಯಾದ ಹೊತ್ತಿನಲ್ಲಿ ಯಾರೂ ಚಿತ್ ಆಗದಿದ್ದರೆ ಸಮ ಎಂದು ಬಿಡಿಸುತ್ತಾರೆ, ಇಬ್ಬರ ಕೈಯನ್ನೂ ಎತ್ತುತ್ತಾರೆ.

ಮ್ಯಾಟ್ ಮೇಲಿನ ಪಾಯಿಂಟ್ ಕುಸ್ತಿಯೂ ದಸರಾದಲ್ಲಿ ಇರುತ್ತದೆ. ಅದು ಒಲಿಂಪಿಕ್ಸ್ ಮಾದರಿ. ದೊಡ್ಡವರಿಗೆ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ಬಿಡುವು. ಕೆಳಗೆ ಕೆಡವಿ ಹಿಂದೆ ಹೋಗಿ ಹಿಡಿದರೆ 2 ಅಂಕ, ವೃತ್ತದಿಂದ ಹೊರಗೆ ತಳ್ಳಿದರೆ 1, ಎತ್ತಿ ಒಗೆದರೆ 4 ಅಥವಾ 5. ಫ್ರೀಸ್ಟೈಲ್‌ನಲ್ಲಿ 10 ಅಂಕದ ಮುನ್ನಡೆ ಸಿಕ್ಕರೆ ಅಲ್ಲಿಗೆ ಮುಗಿಯಿತು. ಆದರೆ ಚಿತ್ ಮಾಡಿದವನಿಗೆ ಇಲ್ಲಿಯೂ ಅಂಕದ ಹಂಗಿಲ್ಲ, ಹಿಂದೆ ಬಿದ್ದಿದ್ದರೂ ಗೆದ್ದ. ಮೊದಲ ದಿನ ಹುಡುಗನಿಗೆ ಇದನ್ನೆಲ್ಲ ಒಟ್ಟಿಗೆ ಹೇಳಬೇಡಿ. ನಾಡಕುಸ್ತಿಯಲ್ಲಿ ಕಣ್ಣು ಪಳಗಿದ ಮೇಲೆ ಮ್ಯಾಟ್ ತಾನಾಗಿ ಅರ್ಥವಾಗುತ್ತದೆ.

8. ಮಣ್ಣು ಮತ್ತು ಕಿವಿ, ಈ ಎರಡು ಪ್ರಶ್ನೆಗೆ ಉತ್ತರ ಸಿದ್ಧವಿರಲಿ.

'ಯಾಕ್ ಮಾವ ಒಬ್ರಿಗೊಬ್ರು ಮಣ್ಣು ಎರಚ್ಕತಾವ್ರೆ?' ಇದು ಬಂದೇ ಬರುವ ಪ್ರಶ್ನೆ. ಬೆವರಿದ ಮೈ ಜಾರುತ್ತದೆ, ಹಿಡಿತ ನಿಲ್ಲುವುದಿಲ್ಲ. ಮಣ್ಣು ಬಿದ್ದರೆ ಹಿಡಿತ ಸಿಗುತ್ತದೆ. ತನ್ನ ಎದುರಾಳಿಯ ಮೈಗೆ ತಾನೇ ಮಣ್ಣು ಹಾಕುವುದರಲ್ಲಿ ಒಂದು ಮರ್ಯಾದೆಯೂ ಇದೆ, ಹಿಡಿತ ಇಬ್ಬರಿಗೂ ಸಮನಾಗಿರಲಿ ಎಂದು. ಆ ಮಣ್ಣೂ ಬಯಲಿನಿಂದ ಹಾಗೇ ತಂದು ಸುರಿದದ್ದಲ್ಲ. ಕೆಮ್ಮಣ್ಣನ್ನು ಜರಡಿ ಹಿಡಿದು, ಕಲ್ಲು ಬೇರ್ಪಡಿಸಿ, ಅರಿಶಿನ, ಕುಂಕುಮ, ಎಣ್ಣೆ, ತುಪ್ಪ ಮುಂತಾದವನ್ನು ಕಲಸಿ ಹದಗೊಳಿಸುತ್ತಾರೆ. ಅದಕ್ಕೆ ಗರಡಿಯವರು ಮಟ್ಟಿ ಎನ್ನುತ್ತಾರೆ, ಪೂಜೆ ಮಾಡುತ್ತಾರೆ, ಚಪ್ಪಲಿ ಕಾಲಲ್ಲಿ ಮೆಟ್ಟುವುದಿಲ್ಲ. ಹದವಾದ ಮಟ್ಟಿಯಲ್ಲಿ ಬಿದ್ದವನಿಗೆ ಪೆಟ್ಟು ಕಡಿಮೆ, ತರಚಿದ ಗಾಯ ಕಡಿಮೆ. ವಿರಾಮದಲ್ಲಿ ಅವಕಾಶ ಸಿಕ್ಕರೆ ಅಖಾಡದ ಅಂಚಿಗೆ ಕರೆದೊಯ್ದು, ಅಲ್ಲಿದ್ದವರ ಅಪ್ಪಣೆ ಕೇಳಿ, ಒಂದು ಹಿಡಿ ಮಟ್ಟಿಯನ್ನು ಹುಡುಗನ ಕೈಗೆ ಕೊಡಿ. ವಾಸನೆ ನೋಡಲಿ.

ಎರಡನೆಯದು ಕಿವಿ. ಹಳೆಯ ಪೈಲ್ವಾನರ ಕಿವಿ ಮುದುಡಿ ಗಟ್ಟಿಯಾಗಿರುತ್ತದೆ. ಹುಡುಗ ಬೆರಳು ತೋರಿಸಿ ಜೋರಾಗಿ ಕೇಳುತ್ತಾನೆ, ಆದ್ದರಿಂದ ಮೊದಲೇ ಹೇಳಿಬಿಡಿ. ತಲೆಗೆ ತಲೆ ಉಜ್ಜಿ ಉಜ್ಜಿ ಕಿವಿಯ ಮೃದ್ವಸ್ಥಿಗೆ ಪೆಟ್ಟಾಗುತ್ತದೆ, ಒಳಗೆ ರಕ್ತ ಕಟ್ಟುತ್ತದೆ, ಅದನ್ನು ಬೇಗ ತೆಗೆಸದಿದ್ದರೆ ಹಾಗೇ ಗಟ್ಟಿಯಾಗುತ್ತದೆ. ವರ್ಷಗಟ್ಟಲೆ ಗರಡಿಯಲ್ಲಿ ದುಡಿದ ಗುರುತು ಅದು. ಪ್ರಪಂಚದ ಯಾವ ದೇಶದ ಕುಸ್ತಿಪಟುವಿನ ಫೋಟೋ ನೋಡಿದರೂ ಅದೇ ಕಿವಿ ಕಾಣಬಹುದು.

9. ಮುಖ ನೋಡಬೇಡ, ಸೊಂಟ ನೋಡು ಎಂದು ಕಲಿಸಿ.

ಕುಸ್ತಿ ಬೇಸರ ತರುವುದು ಎಲ್ಲಿ ನೋಡಬೇಕೆಂದು ಗೊತ್ತಿಲ್ಲದಾಗ. ಕೈಗಳು ಮೋಸ ಮಾಡುತ್ತವೆ, ಕಣ್ಣುಗಳು ಮೋಸ ಮಾಡುತ್ತವೆ, ಸೊಂಟ ಸುಳ್ಳು ಹೇಳುವುದಿಲ್ಲ. ಯಾರ ಸೊಂಟ ಎದುರಾಳಿಯ ಸೊಂಟಕ್ಕಿಂತ ಕೆಳಗೆ ಹೋಯಿತೋ ಅವನು ಎತ್ತಲು ಹೊರಟಿದ್ದಾನೆ. ಯಾರ ಹಿಮ್ಮಡಿ ಮಣ್ಣಿನಿಂದ ಎದ್ದಿತೋ ಅವನ ತೂಕ ತಪ್ಪುತ್ತಿದೆ. ಇದನ್ನು ಹೇಳಿಕೊಟ್ಟರೆ ಎರಡು ನಿಮಿಷದ ನಿಶ್ಚಲ ಹಿಡಿತವೂ ರೋಚಕವಾಗುತ್ತದೆ. 'ಈಗ ಬೀಳ್ತಾನೆ ನೋಡ್ಕೋ' ಎಂದು ಹುಡುಗನೇ ನಿಮಗೆ ಹೇಳತೊಡಗುತ್ತಾನೆ.

ಪಟ್ಟುಗಳಲ್ಲಿ ಎರಡೋ ಮೂರೋ ಹೆಸರು ಸಾಕು. ಎದುರಾಳಿಯ ತೋಳು ಹಿಡಿದೆಳೆದು, ತಿರುಗಿ, ಅಗಸ ಬಟ್ಟೆಯನ್ನು ಕಲ್ಲಿಗೆ ಬೀಸಿದಂತೆ ಬೆನ್ನ ಮೇಲಿಂದ ಒಗೆದರೆ ಧೋಬಿ ಪಟ್ಟು. ಕೆಳಗೆ ನುಗ್ಗಿ, ಹೆಗಲ ಮೇಲೆ ಅಡ್ಡಲಾಗಿ ಹೊತ್ತು ಉರುಳಿಸಿದರೆ ಕಲಾಜಂಗ್. ಕಾಲುಗಳಿಂದ ಕಾಲನ್ನು ಬಿಗಿದರೆ ಕತ್ತರಿ. ಈ ಮೂರರಲ್ಲಿ ಯಾವುದನ್ನು ಮೊದಲು ಗುರುತಿಸುತ್ತಾನೋ ನೋಡಿ. ಬಹುಪಾಲು ಮಕ್ಕಳು ಧೋಬಿ ಪಟ್ಟನ್ನೇ ಗುರುತಿಸುತ್ತಾರೆ, ಅದು ಕಣ್ಣು ತುಂಬುವ ಪಟ್ಟು.

ಇದೆಲ್ಲ ಓದು ಬರಹವಿಲ್ಲದ ಒರಟು ವಿದ್ಯೆ ಎಂದು ಯಾರಾದರೂ ಅಂದರೆ ಅವರಿಗೆ ಮಾನಸೋಲ್ಲಾಸದ ಹೆಸರು ಹೇಳಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ಆ ಗ್ರಂಥದಲ್ಲಿ ಮಲ್ಲವಿನೋದಕ್ಕೆ ಜಾಗ ಕೊಟ್ಟು, ಮಲ್ಲರ ದರ್ಜೆ, ಆಹಾರ, ವ್ಯಾಯಾಮಗಳನ್ನು ವಿವರಿಸಿದ್ದಾನೆ.

10. ಊಟ ಮನೆಯಿಂದ, ತಿಂಡಿ ಅಲ್ಲಿಂದ. ಚಿತ್ರಾನ್ನವೋ ಚಪಾತಿಯೋ ಡಬ್ಬಿಯಲ್ಲಿರಲಿ, ನೀರಿನ ಬಾಟಲಿ ಎರಡಿರಲಿ. ಕಡಲೆಕಾಯಿ, ಚುರುಮುರಿ ಅಲ್ಲೇ ಕೊಡಿಸಿ, ಅದೂ ಹಬ್ಬದ ಭಾಗ. ಮಧ್ಯಾಹ್ನ ಬಿಸಿಲು, ಸಂಜೆ ಮಳೆ ದಸರಾ ಕಾಲದಲ್ಲಿ ಸಾಮಾನ್ಯ, ಟೋಪಿಯೂ ಕೊಡೆಯೂ ಬೇಕು. ವಸ್ತುಪ್ರದರ್ಶನವನ್ನು ಕುಸ್ತಿಯ ನಂತರಕ್ಕೆ ಇಡಿ. ಮೊದಲು ತೊಟ್ಟಿಲು ಹತ್ತಿ ಬಂದ ಹುಡುಗ ಅಖಾಡದಲ್ಲಿ ಕೂರುವುದಿಲ್ಲ.

11. ಹೆಣ್ಣುಮಕ್ಕಳನ್ನು ಬಿಟ್ಟು ಹೋಗಬೇಡಿ.

ಅಕ್ಕನ ಮಗ ಒಬ್ಬನನ್ನೇ ಕರೆದುಕೊಂಡು, ಅವನ ತಂಗಿಯನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಅದು ಅನ್ಯಾಯ. ದಸರಾ ಕಿಶೋರಿಗೆ ಸೆಣಸುವ ಹುಡುಗಿಯರನ್ನು ಒಮ್ಮೆ ನೋಡಿದ ಮೇಲೆ 'ಹೆಣ್ಮಕ್ಕಳಿಗ್ಯಾಕೆ ಕುಸ್ತಿ' ಎಂಬ ಮಾತು ಯಾರ ಬಾಯಲ್ಲೂ ಬರಬಾರದು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಸಾಕ್ಷಿ ಮಲಿಕ್ ಕುಸ್ತಿಯಲ್ಲಿ ಒಲಿಂಪಿಕ್ ಪದಕ ತಂದ ಭಾರತದ ಮೊದಲ ಮಹಿಳೆ. 2024ರ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 50 ಕಿಲೋ ವಿಭಾಗದ ಫೈನಲ್ ತಲುಪಿ, ಫೈನಲ್ ದಿನದ ಬೆಳಗಿನ ತೂಕದಲ್ಲಿ 100 ಗ್ರಾಂ ಹೆಚ್ಚಾಗಿ ಅನರ್ಹರಾದರು. ಕುಸ್ತಿಯಲ್ಲಿ ತೂಕ ಯಾಕೆ ಅಷ್ಟು ಮುಖ್ಯ, ದಸರಾಕ್ಕೆ ಮುಂಚೆ ಜೋಡಿ ಕಟ್ಟುವಾಗ ಪೈಲ್ವಾನರನ್ನು ತಕ್ಕಡಿಗೆ ಯಾಕೆ ಹತ್ತಿಸುತ್ತಾರೆ ಎಂದು ಅಣ್ಣ ತಂಗಿ ಇಬ್ಬರಿಗೂ ವಿವರಿಸಲು ಆ 100 ಗ್ರಾಂಗಿಂತ ಒಳ್ಳೆಯ ಉದಾಹರಣೆ ಇಲ್ಲ.

12. ಸೋತವನನ್ನು ತೋರಿಸಿ, ದೊಡ್ಡ ಜೋಡಿ ಒಂದೆರಡು ಬಾಕಿ ಇರುವಾಗಲೇ ಎದ್ದು ಬನ್ನಿ.

ಚಿತ್ ಆದ ಕೂಡಲೇ ಇಡೀ ಕ್ರೀಡಾಂಗಣ ಗೆದ್ದವನ ಕಡೆ ತಿರುಗುತ್ತದೆ. ಆಗ ಹುಡುಗನ ಗಲ್ಲ ಹಿಡಿದು ಇನ್ನೊಬ್ಬನ ಕಡೆ ತಿರುಗಿಸಿ. ಅವನು ಏಳುತ್ತಾನೆ, ಬೆನ್ನಿನ ಮಣ್ಣು ಒರೆಸಿಕೊಳ್ಳುತ್ತಾನೆ, ಗೆದ್ದವನ ಕೈ ಹಿಡಿಯುತ್ತಾನೆ, ತನ್ನ ಉಸ್ತಾದರ ಕಾಲು ಮುಟ್ಟುತ್ತಾನೆ. ಉಸ್ತಾದರು ಏನೋ ಹೇಳುತ್ತಾರೆ. ಸಣ್ಣ ಹುಡುಗನಾದರೆ ಕಣ್ಣಲ್ಲಿ ನೀರೂ ಇರುತ್ತದೆ. ಅವನಿಗೂ ಚಪ್ಪಾಳೆ ತಟ್ಟಲು ಹೇಳಿ, ನೀವೂ ತಟ್ಟಿ. ಪರೀಕ್ಷೆಯ ಅಂಕ, ಕ್ರಿಕೆಟ್ ಮ್ಯಾಚು, ಮೊಬೈಲ್ ಆಟ, ಎಲ್ಲದರಲ್ಲೂ ಸೋಲು ಎಂದರೆ ನಾಚಿಕೆ ಎಂದು ಕಲಿತು ಬಂದ ಮಕ್ಕಳಿಗೆ ನಾವು ತೋರಿಸಬಹುದಾದ ಅತಿ ಬೆಲೆಯ ದೃಶ್ಯ ಇದು. ಗೆದ್ದವನ ಕತೆ ಎಲ್ಲರೂ ಹೇಳುತ್ತಾರೆ.

ಇನ್ನು ಹೊರಡುವ ಹೊತ್ತು. ನೀವು ಕೊನೆಯ ಜೋಡಿ ನೋಡಲೇಬೇಕೆಂದು ಹುಡುಗನನ್ನು ನಿದ್ದೆಗಣ್ಣಲ್ಲಿ ಕೂರಿಸಬೇಡಿ. 'ಇನ್ನೊಂದು ನೋಡ್ಕೊಂಡ್ ಹೋಗುವ ಮಾವ' ಎಂದು ಅವನೇ ಕೈ ಎಳೆಯುವಾಗ ಒಂದನ್ನೇ ಒಂದು ತೋರಿಸಿ ಹೊರಡಿ. ಮುಂದಿನ ವರ್ಷದ ಟಿಕೆಟ್ ಅಲ್ಲೇ ಆಯಿತು.

ವಿಜಯದಶಮಿಯ ಬೆಳಿಗ್ಗೆ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನೂ ಇದರ ಜೊತೆ ಸೇರಿಸುವ ಆಸೆ ಕೆಲವರಿಗೆ ಇರುತ್ತದೆ. ಜಟ್ಟಿಗಳು ತಲೆ ಬೋಳಿಸಿ, ಬೆರಳಿಗೆ ವಜ್ರಮುಷ್ಟಿ ಎಂಬ ಆಯುಧ ಧರಿಸಿ ಇಳಿಯುವ, ಮೊದಲ ರಕ್ತ ಕಂಡ ಕೂಡಲೇ ನಿಲ್ಲುವ ಕಾಳಗ ಅದು. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರಿನ ಜಟ್ಟಿ ಮನೆತನಗಳು ಅದನ್ನು ಶ್ರದ್ಧೆಯಿಂದ ಉಳಿಸಿಕೊಂಡು ಬಂದಿವೆ, ನನಗೆ ಅದರ ಮೇಲೆ ಅಪಾರ ಗೌರವವಿದೆ. ಆದರೂ ಮೊದಲ ವರ್ಷ ಬೇಡ. ರಕ್ತ ನೋಡಿ ಬೆದರಿದ ಮಗುವಿಗೆ ಆಮೇಲೆ ಎಲ್ಲ ಕುಸ್ತಿಯೂ ರಕ್ತವೇ.

13. ಮನೆಗೆ ಬಂದ ಮೇಲಿನ ವಾರ ಕಾವಲಿರಿ.

ಕುಸ್ತಿ ನೋಡಿದ ಹುಡುಗ ಮಾರನೇ ದಿನವೇ ಪಕ್ಕದ ಮನೆಯವನನ್ನು ಧೋಬಿ ಪಟ್ಟು ಹಾಕುತ್ತಾನೆ. ಸಿಮೆಂಟು ಜಗಲಿಯ ಮೇಲಂತೂ ಬೇಡವೇ ಬೇಡ, ಹಾಸಿಗೆಯ ಮೇಲೂ ಬೇಡ. ಕತ್ತಿನ ಮೇಲೆ ಬಿದ್ದರೆ ಆಗುವ ಅನಾಹುತಕ್ಕೆ ಮದ್ದಿಲ್ಲ. ಆಸೆಯನ್ನು ಚಿವುಟಲೂ ಬೇಡಿ. 'ಪಟ್ಟು ಕಲಿಯೋ ಮುಂಚೆ ಪೈಲ್ವಾನ್ರು ದಂಡ, ಬಸ್ಕಿ ಹೊಡೀತಾರೆ ಕಣೋ' ಎಂದು ಬೆಳಿಗ್ಗೆ ಎದ್ದು ಜೊತೆಗೆ ಹತ್ತು ಹತ್ತು ಹೊಡೆಯಿರಿ. ವಾರವಾದ ಮೇಲೂ ಹುಡುಗ ತಾನಾಗಿ ಎದ್ದು ಬಂದರೆ ಆಸೆ ನಿಜ. ಆಗ ಅಕ್ಕ, ಭಾವನ ಒಪ್ಪಿಗೆ ಪಡೆದು, ಹತ್ತಿರದ ಗರಡಿಯ ಉಸ್ತಾದರನ್ನು ನೋಡಿ ಬನ್ನಿ. ಹೋಗುವ ದಿನ ಹುಡುಗನ ಉಗುರು ಕತ್ತರಿಸಿರಲಿ, ಕೊರಳ ಸರ, ಉಂಗುರ, ವಾಚು ಮನೆಯಲ್ಲೇ ಇರಲಿ, ಚಪ್ಪಲಿಯನ್ನು ಬಾಗಿಲ ಹೊರಗೇ ಬಿಡಲಿ.